ಬೂದಿ ಉಳಿಯದ ಬಟ್ಟೆ

ಬಟ್ಟೆ ಸುಡುವುದಕ್ಕೂ ಒಂದು ಕ್ರಮವಿದೆ. ಮೊದಲು ಖಾಲಿ ಮೂಸೆಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತೇವ ತಾಕದ ಗಾಜಿನ ಡಬ್ಬಿಯಲ್ಲಿ ಆರಿಸಿ, ತೂಕ ಮಾಡಬೇಕು. ಅಂಗೈಯಗಲದ ಬಟ್ಟೆಯ ತುಂಡನ್ನು ಒಣಗಿಸಿ ಅದನ್ನೂ ತೂಗಬೇಕು. ಆಮೇಲೆ ತುಂಡನ್ನು ಮೂಸೆಯೊಳಗೆ ಮಡಿಸಿಟ್ಟು, ಸಣ್ಣ ಉರಿಯಲ್ಲಿ ಕರಕಲು ಮಾಡಿ, ಕುಲುಮೆಗೆ ನೂಕಿ, ಕಪ್ಪು ಪೂರ್ತಿ ಹೋಗುವವರೆಗೆ ಕಾಯಬೇಕು. ಅವಸರಪಟ್ಟು ಬಾಗಿಲು ತೆರೆದರೆ ಬೂದಿ ಹಾರಿಹೋಗಿ, ಬಟ್ಟೆ ತನ್ನ ಯೋಗ್ಯತೆಗಿಂತ ಒಳ್ಳೆಯದೆಂದು ಫಲಿತಾಂಶ ಬರುತ್ತದೆ. ಕೊನೆಗೆ ತಳದಲ್ಲಿ ಉಳಿದದ್ದನ್ನು ತೂಗಿ ರಿಜಿಸ್ಟರಿನಲ್ಲಿ ಬರೆಯಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಎರಡು ವರ್ಷ ನಾನು ಮಾಡಿದ್ದು ಇದೇ ಕೆಲಸ. ಶ್ರೀನಿವಾಸಪುರದಲ್ಲಿ ನಮ್ಮಜ್ಜಿಯನ್ನು ಯಾರಾದರೂ "ಮೊಮ್ಮಗ ಏನ್ ಮಾಡ್ತಾನಮ್ಮಾ?" ಎಂದು ಕೇಳಿದರೆ, "ಮಾಲೂರಾಗೆ ಬಟ್ಟೆ ಸುಡ್ತಾನಂತೆ ಕಣೇ. ಅದಕ್ಕೆ ಸರ್ಕಾರದೋರು ಸಂಬಳ ಕೊಡ್ತಾರಂತೆ!" ಎಂದು ಗಲ್ಲಕ್ಕೆ ಕೈ ಹಚ್ಚುತ್ತಿದ್ದಳು.

ಮಾಲೂರಿನಾಚೆ, ಹೆಂಚಿನ ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ, ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯ ಶೆಡ್ಡನ್ನು ಬಾಡಿಗೆಗೆ ಹಿಡಿದು ನಮ್ಮ ಪರೀಕ್ಷಾ ಕೇಂದ್ರವನ್ನು ಮಾಡಿದ್ದರು. ಬಾಗಿಲಿಗೆ ಬೋರ್ಡು ಇರಲಿಲ್ಲ. ಒಳಗೆ ನಡೆಯುತ್ತಿದ್ದದ್ದು ಸಣ್ಣ ರಾಕೆಟ್ಟುಗಳ ಸಾಮಾನು ಪರೀಕ್ಷೆ. ರಾಕೆಟ್ಟಿನ ಹೊಟ್ಟೆಗೆ ಬೆಂಕಿ ಹಚ್ಚುವ ಮದ್ದಿನ ಪುಡಿಯನ್ನು ಒಂದು ಪುಟ್ಟ ಚೀಲದಲ್ಲಿ ಕಟ್ಟಿಡುತ್ತಾರೆ. ಆ ಚೀಲವೂ ಪುಡಿಯ ಜೊತೆಗೇ ಉರಿದು ಇಲ್ಲವಾಗಬೇಕು. ಹತ್ತಿಬಟ್ಟೆಯಾದರೆ ಕೆಂಡ ಹಿಡಿದು ಕೂರುತ್ತದೆ. ನೈಲಾನ್ ಕರಗಿ ಅಂಟುತ್ತದೆ. ರೇಷ್ಮೆ ಮಾತ್ರ ಹೇಳಿದ ಮಾತು ಕೇಳುತ್ತದೆ. ಅದರಲ್ಲೂ ಸೀರೆಯ ನುಣುಪು ರೇಷ್ಮೆ ಆಗದು. ಚಿಟ್ಟೆ ಕೊರೆದು ಹೊರಬಂದ ತೂತುಗೂಡುಗಳನ್ನು ಹತ್ತಿಯಂತೆ ಬಿಡಿಸಿ, ಕೈಯಲ್ಲಿ ನೂತ ಒರಟು ನೂಲಿನ ದಟ್ಟ ಬಟ್ಟೆ ಬೇಕು. ನೂರು ಪಾಲು ಬಟ್ಟೆ ಸುಟ್ಟರೆ ಅರ್ಧ ಪಾಲಿಗಿಂತ ಹೆಚ್ಚು ಬೂದಿ ಉಳಿಯಬಾರದೆಂಬುದು ನಮ್ಮ ಕೇಂದ್ರದ ನಿಯಮ.

ಅಲ್ಲಿಯವರೆಗೆ ಈ ಬಟ್ಟೆ ಹೊರದೇಶದಿಂದ ಬರುತ್ತಿತ್ತು. ನಮ್ಮವರು ಮರುಭೂಮಿಯಲ್ಲಿ ಅಣುಸ್ಫೋಟ ನಡೆಸಿದ ಮೇಲೆ ಆ ದೇಶಕ್ಕೆ ನಮ್ಮ ಮೇಲೆ ಮುನಿಸು ಬಂತು. ಯಂತ್ರ ಕೊಡುವುದಿಲ್ಲ ಎಂದರು, ಉಪಕರಣ ಕೊಡುವುದಿಲ್ಲ ಎಂದರು, ಪಟ್ಟಿಯ ಬಾಲದಲ್ಲಿ ಈ ಬಟ್ಟೆಯೂ ಸೇರಿಕೊಂಡಿತು. ಕೂಡಲೇ ದೆಹಲಿಯಿಂದ ಸುತ್ತೋಲೆ ಬಂತು: ಸ್ವಾವಲಂಬನೆ. ಆ ಪದವನ್ನು ದಪ್ಪಕ್ಷರದಲ್ಲಿ ಬರೆಸಿ ನಮ್ಮ ಶೆಡ್ಡಿನ ಗೋಡೆಗೆ ಹಾಕಿದರು.

ನಮ್ಮ ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆದರು. ಕೆಟ್ಟವರಲ್ಲ, ಈಗಲೂ ಹಾಗೆ ಹೇಳುತ್ತೇನೆ. "ನೀನು ಆ ಕಡೆಯವನಲ್ವೇನಯ್ಯಾ? ಕೋಲಾರ, ಮುಳಬಾಗಿಲು, ಮನೆಮನೆಯಲ್ಲಿ ರೇಷ್ಮೆಹುಳ. ಈ ಬಟ್ಟೆ ಅಲ್ಲಿ ಸಿಗಲ್ಲ ಅಂದರೆ ನಂಬೋದು ಹೇಗೆ?"

"ಹುಳ ಇದೆ ಸಾರ್. ಈ ಥರ ಬಟ್ಟೆ ನೇಯೋರು ಇದಾರೋ ಇಲ್ಲವೋ ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ ಗೊತ್ತು ಮಾಡ್ಕೊ."

ವಾರಗಟ್ಟಲೆ ಬಸ್ಸಿನಲ್ಲಿ ಅಲೆದೆ. ಕೊನೆಗೆ ವಕ್ಕಲೇರಿಯಲ್ಲಿ ನಾಲ್ಕು ಮಗ್ಗಗಳ ಒಬ್ಬ ನೇಕಾರರು ಸಿಕ್ಕಿದರು. ಊರಿನವರಂತೆ ನಾನೂ ಅವರನ್ನು ಯಜಮಾನರು ಎನ್ನುತ್ತಿದ್ದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಒಯ್ದಿದ್ದ ಹೊರದೇಶದ ತುಂಡನ್ನು ಬೆರಳ ನಡುವೆ ಉಜ್ಜಿದರು, ಮೂಗಿಗೆ ಹಿಡಿದರು, ಎಳೆ ಕಿತ್ತು ನಾಲಗೆಗೆ ತಾಕಿಸಿದರು.

"ಇದುನ್ನ ಏನು ಮಾಡ್ತೀರ ಸಾ?"

"ಸುಡ್ತೀವಿ."

"ಅಯ್ಯೋ ರಾಮಾ! ಸುಡಾಕೆ ನಾನು ನೇಯಬೇಕಾ?" ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ಇಂಟೀವಾ, ಕೇಳಿದೇನೇ, ಸರ್ಕಾರದೋರು ನಮ್ಮ ಬಟ್ಟೆ ಸುಡ್ತಾರಂತೆ."

ಆಯಮ್ಮ ಒಳಗಿನಿಂದಲೇ, "ನೀವು ನೇದಿದ್ದುನ್ನ ಉಟ್ಟೋರಿಗಿಂತ ಅವರೇ ವಾಸಿ ಬಿಡಿ, ಕಂಪ್ಲೇಂಟು ಹೇಳಲ್ಲ," ಎಂದರು. ನಾನು ನಕ್ಕೆ, ಯಜಮಾನರೂ ನಕ್ಕರು. ಕೆಲಸ ಶುರುವಾದದ್ದು ಹೀಗೆ. ಬಟ್ಟೆ ಯಾವುದಕ್ಕೆಂದು ಹೇಳಲು ನನಗೆ ಅಪ್ಪಣೆ ಇರಲಿಲ್ಲ. ಸರ್ಕಾರದ ಕೆಲಸ ಎಂದಷ್ಟೇ ಹೇಳಿದ್ದೆ.

ಮೊದಲ ಸಲ ನೂಲನ್ನು ಯಜಮಾನರೇ ತಮ್ಮ ಬಾವಿಯ ನೀರಿನಲ್ಲಿ ಬಾರ್ ಸೋಪು ಹಾಕಿ ಕುದಿಸಿ ಅಂಟು ತೆಗೆದಿದ್ದರು. ಆ ಬಟ್ಟೆ ಸುಟ್ಟಾಗ ಮೂಸೆಯ ತಳದಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿಯ ಪುಡಿ. ನಮ್ಮ ಕಡೆಯ ಬಾವಿ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ. ಆ ಗಡುಸು ನೀರಿನ ಸುಣ್ಣವೆಲ್ಲ ಸೋಪಿನ ಜೊತೆ ಸೇರಿ ಎಳೆ ಎಳೆಗೂ ಕೂತಿತ್ತು. ಇದನ್ನು ಹೇಳಿದಾಗ ಯಜಮಾನರು, "ಹಂಗಾದ್ರೆ ಮುಳಬಾಗ್ಲು ಬೂಬಮ್ಮನ ಹತ್ರ ಹೋಗಾಣ," ಎಂದರು.

ಬೂಬಮ್ಮನಿಗೆ ಆಗಲೇ ಅರವತ್ತು ದಾಟಿತ್ತು. ಮುಳಬಾಗಿಲಿನ ಮಸೀದಿ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಗಂಡ ಇಲ್ಲ. ಮಗ ಲಾರಿಯಲ್ಲಿ ಕ್ಲೀನರು, ಮನೆಯಲ್ಲಿ ಸೊಸೆ. ರೇಷ್ಮೆಹುಳದ ಬಿತ್ತನೆ ಮೊಟ್ಟೆ ಮಾಡುವವರಿಂದ ತೂತುಗೂಡು ತಂದು, ಬೇಯಿಸಿ, ಬಿಡಿಸಿ, ಸಣ್ಣ ಕದಿರಿನಲ್ಲಿ ನೂಲುವುದು ಅವರ ಅತ್ತೆಯ ಕಾಲದ ಕಸುಬು. ಸೋಪು ಎಂದ ಕೂಡಲೇ ಅವರು ಯಜಮಾನರನ್ನು ತರಾಟೆಗೆ ತೆಗೆದುಕೊಂಡರು.

"ಅರೆ, ಸೋಪು ಮನುಷ್ಯರಿಗೆ ಅಣ್ಣಾ! ರೇಷ್ಮೆಗೆ ಯಾರಾದ್ರೂ ಸೋಪು ಹಾಕ್ತಾರಾ? ಅಂಟುವಾಳಕಾಯಿ ಹಾಕ್ಬೇಕು. ನೀರು ಕೆರೇದು ಇರ್ಬೇಕು, ಅದೂ ರಾತ್ರಿಯೆಲ್ಲಾ ನಿಂತು ತಿಳಿಯಾಗಿರ್ಬೇಕು. ಬಾವಿ ನೀರು ಹಾಕಿದ್ರೆ ನೂಲು ಮುನಿಸ್ಕೊಳ್ತದೆ."

"ನೀನು ನೂಲಿನ ಜೊತೆ ಮಾತಾಡ್ತೀಯಾ ಬೂಬಮ್ಮ?" ಎಂದರು ಯಜಮಾನರು.

"ನಿಮ್ಮ ಜೊತೆ ಮಾತಾಡಾಕಿಂತ ಅದೇ ಅಚ್ಛಾ."

ಬೂಬಮ್ಮನ ನೂಲಿನಿಂದ ಮೂರು ಥಾನು ಬಟ್ಟೆ ತಯಾರಾಯಿತು. ನಾನು ಪ್ರತಿ ಥಾನಿನ ಮೊದಲ ತುದಿಯಿಂದ ತುಂಡು ಕತ್ತರಿಸಿದೆ. ಕ್ರಮ ಹಾಗೆಯೇ ಇತ್ತು, ಮೊದಲು ನೇಯ್ದ ತುದಿಯಿಂದಲೇ ಮಾದರಿ. ಎರಡು ಥಾನು ಬಿದ್ದುಹೋದವು, ಬೂದಿ ಮಿತಿಗಿಂತ ಬಹಳ ಹೆಚ್ಚು. ಮೂರನೆಯದು ಮಾತ್ರ ಪಾಸಾಯಿತು. ಒಂದೇ ನೂಲು, ಒಂದೇ ನೀರು, ಒಂದೇ ಮಗ್ಗ. ಮತ್ತೆ ಸುಟ್ಟೆ. ಮತ್ತೆ ಅದೇ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ನಾಲ್ಕು ಸಾಲು ಬಿತ್ತು.

ನಾನು ಮೂರನೆಯ ಥಾನನ್ನು ಬಿಚ್ಚಿ ನೋಡಿದೆ. ಯಜಮಾನರು ಅದನ್ನು ತಿರುವುಮುರುವಾಗಿ ಸುತ್ತಿ ತಂದಿದ್ದರು. ನಾನು ತಿಳಿಯದೆ ಕೊನೆಯ ತುದಿಯಿಂದ ಕತ್ತರಿಸಿದ್ದೆ. ಹಾಗಾದರೆ ದೋಷ ಇರುವುದು ಮೊದಲ ತುದಿಯಲ್ಲಿ. ಬೆಳಕಿಗೆ ಹಿಡಿದರೆ ಅಲ್ಲಿ ನಾಲ್ಕು ಬೆರಳಗಲ ಬಟ್ಟೆ ಸ್ವಲ್ಪ ಹಳದಿ ತಿರುಗಿದ್ದಂತೆ ಕಂಡಿತು.

ಮರುದಿನ ಶುಕ್ರವಾರ. ಬೆಳಿಗ್ಗೆ ವಕ್ಕಲೇರಿಗೆ ಹೋದಾಗ ಯಜಮಾನರು ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿ ಮೊದಲ ಗೇಣು ನೇಯ್ದು ನಿಲ್ಲಿಸಿದ್ದರು. ಅವರ ಹೆಂಡತಿ ಸ್ನಾನ ಮಾಡಿ ಬಂದು, ತಟ್ಟೆ ಹಿಡಿದು, ಮಗ್ಗಕ್ಕೆ ನಮಸ್ಕರಿಸಿ, ಹೊಸ ಬಟ್ಟೆಯ ಎರಡು ಮೂಲೆಗೂ ನಡುವೆಗೂ ಅರಿಶಿನ ಕುಂಕುಮ ಒತ್ತಿದರು. ನಾನು ನಿಂತಲ್ಲೇ ನಿಂತೆ. ಮನೆಯಲ್ಲಿ ಕುಂಕುಮ ಮಾಡುವುದನ್ನು ನೋಡಿ ಬೆಳೆದವನು ನಾನು. ಅಜ್ಜಿ ಅರಿಶಿನಕ್ಕೆ ಸುಣ್ಣ ಬೆರೆಸಿ ಒರಳಿನಲ್ಲಿ ಕುಟ್ಟುತ್ತಿದ್ದಳು, ಆ ಸುಣ್ಣದಿಂದಲೇ ಹಳದಿ ಕೆಂಪಾಗುತ್ತಿತ್ತು. ನಾವು ತಿಂಗಳಿಡೀ ಕುಲುಮೆಯಲ್ಲಿ ಸುಟ್ಟು ತೂಗುತ್ತಿದ್ದದ್ದು ಈ ತಾಯಿಯ ಮಂಗಳದ್ರವ್ಯವನ್ನು.

"ಅಮ್ಮಾ, ಇದು ಪ್ರತಿ ಥಾನಿಗೂ ಇಡ್ತೀರಾ?"

"ಇಡದೆ ಇರ್ತೀನಾ ಸ್ವಾಮಿ? ಆಮ್ಯಾಕೆ ಒಗೀತೀನಿ, ಕಲೆ ಕಾಣಲ್ಲ."

"ಈ ಬಟ್ಟೆಗೆ ಇಡಬಾರದಮ್ಮ. ಇದರಿಂದಲೇ ಫೇಲಾಗಿದ್ದು."

ಆಯಮ್ಮನ ಮುಖ ಬಾಡಿತು. "ಮೊದಲ ಗೇಣಿಗೆ ಇಡದಿದ್ರೆ ಬಟ್ಟೆ ಬೋಳು ಹಣೆಯಾಗೆ ಹೋಯ್ತದೆ. ನಮ್ಮತ್ತೆ ಕಾಲದಾಗಿಂದ ಹಂಗೆ ಕಳ್ಸಿಲ್ಲ."

ಯಜಮಾನರು ಗದರಿಸಲು ಬಾಯಿ ತೆರೆದರು, ನಾನು ತಡೆದೆ. ಆಯಮ್ಮ ಮಗ್ಗದ ಕಂಬ ಹಿಡಿದುಕೊಂಡು ತಾವೇ ದಾರಿ ಹೇಳಿದರು. "ಒಂದು ಗೇಣು ಜಾಸ್ತಿ ನೇದುಬಿಡಲಿ. ಕುಂಕುಮ ಇಟ್ಟ ಗೇಣು ಕತ್ತರಿಸಿ ನಮ್ಮನೇಲೆ ಇಟ್ಕೋತೀನಿ. ಮಿಕ್ಕಿದ್ದು ನಿಮ್ಮ ಬೆಂಕಿಗೆ ತಗೊಂಡೋಗಿ."

ಮುಂದಿನ ಆರು ಥಾನುಗಳೂ ಪಾಸಾದವು. ಒಂದೊಂದನ್ನೂ ಮೂರು ಮೂರು ಕಡೆಯಿಂದ ಕತ್ತರಿಸಿ ಸುಟ್ಟೆ. ಮೂಸೆಯಲ್ಲಿ ಉಳಿದದ್ದು ಕಣ್ಣಿಗೆ ಕಾಣುವುದೋ ಇಲ್ಲವೋ ಎನ್ನುವಷ್ಟು. ಹಿಂದಿನ ನಾಲ್ಕು ಕೆಂಪು ಸಾಲುಗಳ ಎದುರಿಗೆ ಷರಾ ಕಾಲಮ್ಮಿನಲ್ಲಿ, "ಮಾದರಿಯ ಭಾಗಕ್ಕೆ ಕುಂಕುಮ ತಾಗಿದ್ದರಿಂದ ಈ ಫಲಿತಾಂಶಗಳನ್ನು ಗಣಿಸತಕ್ಕದ್ದಲ್ಲ" ಎಂದು ಬರೆದು ಸಹಿ ಮಾಡಿದೆ. ಚೀಲ ಹೊಲಿಸಿ, ಪುಡಿ ತುಂಬಿಸಿ, ಕಬ್ಬಿಣದ ಕೊಳವೆಯೊಳಗೆ ಹಾರಿಸಿಯೂ ನೋಡಿದರು. ಕೊಳವೆಯೊಳಗೆ ಬೆರಳಾಡಿಸಿದ ಮುಖ್ಯಸ್ಥರು ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದು, "ನೋಡಯ್ಯಾ, ಏನೂ ಇಲ್ಲ!" ಎಂದು ಮಕ್ಕಳಂತೆ ಕುಣಿದಾಡಿದರು. ಅರವತ್ತು ಥಾನಿನ ಆರ್ಡರಿಗೆ ದೆಹಲಿಗೆ ಬರೆಯುತ್ತೇನೆ, ಹದಿನೈದು ದಿನದ ಮಾತು ಎಂದರು.

ನಾನು ಅವತ್ತೇ ಬಸ್ಸು ಹತ್ತಿದೆ. ಯಜಮಾನರಿಗೆ, "ಮಗ್ಗಕ್ಕೆ ಬೇರೆ ಕೆಲಸ ಹಾಕ್ಬೇಡಿ," ಎಂದೆ. ಮುಳಬಾಗಿಲಿಗೆ ಹೋಗಿ ಬೂಬಮ್ಮನಿಗೆ, "ತೂತುಗೂಡು ಎಷ್ಟು ಸಿಗುತ್ತೋ ಅಷ್ಟೂ ತಂದಿಡಿ," ಎಂದೆ. ಯಾರೂ ನನಗೆ ಹಾಗೆ ಹೇಳಲು ಹೇಳಿರಲಿಲ್ಲ.

ಹದಿನೈದು ದಿನ ಎಂದದ್ದು ಐದು ತಿಂಗಳಾಯಿತು. ವಕ್ಕಲೇರಿಯ ನಾಲ್ಕು ಮಗ್ಗಗಳಲ್ಲಿ ಮೂರು ಖಾಲಿ ಕೂತವು. ಬೂಬಮ್ಮನ ಒಂದು ಕೋಣೆ ತುಂಬ ಗೂಡಿನ ಮೂಟೆ. ಹೋದಾಗಲೆಲ್ಲ ಯಜಮಾನರು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕಾಫಿ ಕೊಟ್ಟು, ಬಸ್ಸು ಸಿಕ್ಕಿತಾ ಎಂದು ವಿಚಾರಿಸಿ, ನನ್ನ ಬ್ಯಾಗಿನ ಕಡೆ ನೋಡುತ್ತಿದ್ದರು.

ದೆಹಲಿಯಲ್ಲಿ ಈ ನಡುವೆ ಗಾಳಿ ತಿರುಗಿತ್ತು. ಮುನಿಸಿಕೊಂಡ ದೇಶ ರಾಜಿಗೆ ಬಂದಿತ್ತು. ರಾಕೆಟ್ಟು ಹಾರಿದ ಮೇಲೆ ನೆಲದಿಂದಲೇ ಅದರ ಜಾಡಿನ ಮೇಲೆ ಕಣ್ಣಿಡುವ ದೊಡ್ಡ ತಟ್ಟೆಯಂಥ ಯಂತ್ರವೊಂದು ನಮಗೆ ಬೇಕೇ ಬೇಕಿತ್ತು. ಅದನ್ನು ಕೊಡಲು ಒಪ್ಪಿದರು, ಕೊಳ್ಳಲು ಸಾಲವನ್ನೂ ಅವರೇ ಕೊಡುತ್ತಾರೆ. ಆದರೆ ಅದೊಂದನ್ನೇ ಅಲ್ಲ. ಅವರ ಬೇರೆ ಬೇರೆ ಕಂಪನಿಗಳ ಸರಕೆಲ್ಲ ಸೇರಿಸಿ ಒಂದು ಪಟ್ಟಿ. ಕೊಂಡರೆ ಇಡೀ ಪಟ್ಟಿ ಕೊಳ್ಳಬೇಕು. ಕೊನೆಯ, ಹದಿನೇಳನೆಯ ಸಾಲಿನಲ್ಲಿ ರೇಷ್ಮೆ ಬಟ್ಟೆ.

ಇಲ್ಲೊಂದು ತೊಡಕಿತ್ತು. ಯಾವ ಸಾಮಾನನ್ನೇ ಹೊರಗಿನಿಂದ ತರಿಸಬೇಕಾದರೂ, ಅದು ನಮ್ಮ ದೇಶದಲ್ಲಿ ಸಿಗುವುದಿಲ್ಲ ಎಂಬ ಪ್ರಮಾಣಪತ್ರ ಬೇಕು. ಅದಿಲ್ಲದೆ ಲೈಸೆನ್ಸ್ ಇಲ್ಲ. ಮಿಕ್ಕ ಹದಿನಾರು ಸಾಲಿಗೂ ಪ್ರಮಾಣಪತ್ರ ಸಲೀಸಾಗಿ ಸಿಕ್ಕಿತ್ತು, ಏಕೆಂದರೆ ಅವು ನಿಜವಾಗಿಯೂ ಇಲ್ಲಿ ಸಿಗುತ್ತಿರಲಿಲ್ಲ. ಈ ಬಟ್ಟೆ ಮಾತ್ರ ಸಿಗುತ್ತಿತ್ತು. ಸಿಗುತ್ತದೆ ಎಂದು ನನ್ನ ರಿಜಿಸ್ಟರೇ ಹೇಳುತ್ತಿತ್ತು.

ಮುಖ್ಯಸ್ಥರು ನನ್ನನ್ನು ಒಳಗೆ ಕರೆದು, ಕೂತುಕೊಳ್ಳಲು ಹೇಳಿದರು. ಆ ಕುರ್ಚಿಯಲ್ಲಿ ನಾನು ಅಲ್ಲಿಯವರೆಗೆ ಕೂತಿರಲಿಲ್ಲ. ಟೈಪಾದ ಹಾಳೆಯೊಂದನ್ನು ಮುಂದಿಟ್ಟರು. ಹತ್ತು ಥಾನುಗಳಿಗೂ ಸೇರಿ ನಡೆದ ಪರೀಕ್ಷೆಗಳಲ್ಲಿ ಕೆಲವು ಪಾಸು, ಕೆಲವು ಫೇಲು. ಸ್ವದೇಶಿ ಬಟ್ಟೆಯ ಗುಣ ಒಂದೇ ಸಮನಾಗಿಲ್ಲ. ಆದ್ದರಿಂದ ಈ ದರ್ಜೆಯ ಬಟ್ಟೆ ಸದ್ಯ ದೇಶದಲ್ಲಿ ಲಭ್ಯವಿಲ್ಲ. ಬಾವಿ ನೀರಿನ ಮೊದಲ ಬಟ್ಟೆಯನ್ನೂ, ಕುಂಕುಮದ ಥಾನುಗಳನ್ನೂ ಪಾಸಾದ ಆರರ ಜೊತೆ ಕಲಸಿಬಿಟ್ಟಿದ್ದರು. ಷರಾ ಎಲ್ಲೂ ಇರಲಿಲ್ಲ.

"ಸಾರ್, ಷರಾ ಬಿಟ್ಟುಹೋಗಿದೆ."

"ಕುಂಕುಮದ ವಿಷಯ ದೆಹಲಿಗೆ ಬರೆಯೋಕಾಗುತ್ತೇನಯ್ಯಾ? ನಗ್ತಾರೆ."

"ನಗಲಿ ಸಾರ್. ನಿಜ ಅಲ್ವಾ?"

ಅವರು ಕನ್ನಡಕ ತೆಗೆದರು. "ನಿನಗೆ ಬೆದರಿಕೆ ಹಾಕ್ತಿಲ್ಲ ನಾನು. ಲೆಕ್ಕ ಹಾಕಿ ನೋಡು ಅಷ್ಟೇ. ಹದಿನೇಳನೇ ಸಾಲು ತೆಗೆದರೆ ಅವರು ಪಟ್ಟೀನೇ ವಾಪಸು ತಗೋತಾರೆ. ಆ ಯಂತ್ರ ಇಲ್ಲದೆ ರಾಕೆಟ್ಟು ಹಾರಿಸಿದರೆ ಕಣ್ಣು ಕಟ್ಟಿಕೊಂಡು ಕಲ್ಲು ಎಸೆದ ಹಾಗೆ. ಇಡೀ ದೇಶದ ಕೆಲಸ ಒಂದು ಕಡೆ, ನಾಲ್ಕು ಮಗ್ಗ ಒಂದು ಕಡೆ. ನೀನೇ ನನ್ನ ಜಾಗದಲ್ಲಿದ್ದರೆ?"

ಹೆದರಿ ಸಹಿ ಹಾಕಿದೆ ಎಂದು ಬರೆದರೆ ನನಗೆ ಸಮಾಧಾನವಾಗುತ್ತದೆ. ಆದರೆ ಅದು ಸುಳ್ಳು. ಒಪ್ಪಿ ಸಹಿ ಹಾಕಿದೆ. ಅವರ ಮಾತಿನಲ್ಲಿ ತೂಕವಿತ್ತು. ಆ ಯಂತ್ರ ಬೇಕೇ ಇತ್ತು. ದೊಡ್ಡ ಕೆಲಸದ ಪಾಲುದಾರ ಎಂಬ ಹೆಮ್ಮೆಯೂ ಒಳಗೆಲ್ಲೋ ಇಣುಕಿತು. ಮೂಸೆಯೊಳಗಿನ ಬೂದಿ ಹಾರದಂತೆ ಎರಡು ವರ್ಷ ಉಸಿರು ಬಿಗಿಹಿಡಿದು ಬಾಗಿಲು ತೆರೆದವನು, ಆ ಹಾಳೆಯ ಮೇಲೆ ಒಂದೇ ಉಸಿರಿಗೆ ಹೆಸರು ಬರೆದುಕೊಟ್ಟೆ.

ಇನ್ನು ವಕ್ಕಲೇರಿಗೆ ಹೋಗಿ ಹೇಳಬೇಕು. ಏನೆಂದು? ದೇಶ ದೇಶದ ನಡುವಿನ ಒಪ್ಪಂದ ಗುಟ್ಟಿನದು, ಬಾಯಿಬಿಡುವಂತಿಲ್ಲ. ಅದು ನನಗೆ ನೆಪವಾಯಿತು. ಬಸ್ಸಿನಲ್ಲಿ ಕೂತು ಹತ್ತು ಬಗೆಯ ಮಾತು ಜೋಡಿಸಿಕೊಂಡೆ. ಯಜಮಾನರು ಮಗ್ಗದ ಗುಂಡಿಯಿಂದ ಎದ್ದು ಬಂದರು.

"ಬಂತಾ ಸಾ ಆರ್ಡರು?"

"ಇಲ್ಲ ಯಜಮಾನ್ರೇ. ಕೊನೇ ಪರೀಕ್ಷೇಲಿ ನಿಲ್ಲಲಿಲ್ಲ."

"ಫೇಲಾ? ಆರಕ್ಕೆ ಆರೂ ಪಾಸಂದ್ರಲ್ಲ?"

"ಇನ್ನೊಂದು ದೊಡ್ಡ ಪರೀಕ್ಷೆ ಇತ್ತು. ಅದರಲ್ಲಿ ಸ್ವಲ್ಪ ಬೂದಿ ಜಾಸ್ತಿ ಬಂತು."

"ನನ್ನ ನೇಯ್ಗೇಲಿ ಏನನಾ ದೋಸ ಐತಾ ಸಾ? ಮುಚ್ಚಿಡಬೇಡಿ, ಹೇಳಿ."

ಆ ಮುಖವನ್ನು ನೋಡಿ ಅವರ ಕೈಗೆ ತಪ್ಪು ಹೊರಿಸಲು ನನಗೆ ಆಗಲಿಲ್ಲ. "ನಿಮ್ಮ ನೇಯ್ಗೆ ಚೆನ್ನಾಗಿದೆ. ನೂಲಿನಲ್ಲಿ ಎಲ್ಲೋ ಏನೋ," ಎಂದುಬಿಟ್ಟೆ.

ಎದುರಿಗಿದ್ದವರನ್ನು ಉಳಿಸಲು ಎದುರಿಗಿಲ್ಲದವರ ಹೆಸರು ಹೇಳಿದೆ. ಅಷ್ಟು ಹೇಳಿ, ಕಾಫಿ ಕುಡಿದು, ಬಸ್ಸು ಹಿಡಿದೆ. ಒಂದು ಕೆಟ್ಟ ಕೆಲಸವನ್ನು ಆದಷ್ಟು ನೋವಾಗದಂತೆ ಮುಗಿಸಿದೆ ಎಂದುಕೊಂಡು ಅವತ್ತು ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಮೂರು ತಿಂಗಳಿಗೆ ಹೊರದೇಶದ ಬಟ್ಟೆ ಮರದ ಪೆಟ್ಟಿಗೆಗಳಲ್ಲಿ ಬಂತು. ಒಳಗೆ ಎಣ್ಣೆಕಾಗದ, ಅದರೊಳಗೆ ಇನ್ನೊಂದು ಕಾಗದ. ಕ್ರಮದಂತೆ ತುಂಡು ಕತ್ತರಿಸಿ ಸುಟ್ಟೆ. ಬೂದಿ ಮಿತಿಯೊಳಗಿತ್ತು. ಬೂಬಮ್ಮನ ನೂಲಿನ ಬಟ್ಟೆಗಿಂತ ಒಂದು ಕೂದಲೆಳೆ ಹೆಚ್ಚಿತ್ತು. ಪಾಸು ಎಂದು ನೀಲಿ ಶಾಯಿಯಲ್ಲಿ ಬರೆದೆ. ದೊಡ್ಡ ಯಂತ್ರ ಬರಲಿಲ್ಲ. ಅದಕ್ಕೆ ಅವರ ಕಡೆ ಇನ್ನೊಂದು ಅನುಮತಿ ಬಾಕಿ ಇದೆ, ಬರುತ್ತದೆ ಎಂದರು. ನಾನು ಆ ಕೇಂದ್ರ ಬಿಡುವವರೆಗೂ ಬರುತ್ತಲೇ ಇತ್ತು.

ಆ ಪೆಟ್ಟಿಗೆಗಳು ಬಂದ ವಾರವೇ ಕಾವಲುಗಾರ ಬಂದು, ಗೇಟಿನ ಹತ್ತಿರ ಯಾರೋ ವಕ್ಕಲೇರಿಯವರು ಬೆಳಿಗ್ಗೆಯಿಂದ ನಿಂತಿದ್ದಾರೆ ಎಂದ. ಯಜಮಾನರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಥಾನು.

"ನಮಸ್ಕಾರ ಸಾ. ನೀವು ನೂಲಿನ ದೋಸ ಅಂದ್ರಲ್ಲ, ಅದುನ್ನ ಸರಿ ಮಾಡ್ಕೊಂಡು ಬಂದಿವ್ನಿ. ಶಿಡ್ಲಘಟ್ಟದ ಕಡೆಯಿಂದ ಬೇರೆ ನೂಲು ತಂದೆ. ಕೆರೆ ನೀರು, ಅಂಟುವಾಳ, ಎಲ್ಲಾ ನಾನೇ ಎದುರಿಗೆ ನಿಂತು ಮಾಡಿಸ್ದೆ. ಇದೊಂದು ಸಲ ಸುಟ್ಟು ನೋಡಿ. ನೀವು ಏನು ಹೇಳಿದ್ರೂ ಸರೇ."

ಥಾನಿನ ತುದಿಯಿಂದ ಒಂದು ತುಂಡು ಕತ್ತರಿಸಿಕೊಂಡೆ. ಒಳಗೆ ಹೋಗಿ ಕುಲುಮೆ ಹಚ್ಚಿದೆ. ಅದನ್ನು ಸುಡುವ ಅಗತ್ಯವೇನೂ ಇರಲಿಲ್ಲ; ಹೊರಗೆ ಹೋಗಿ ಹೇಳಬೇಕಾದದ್ದನ್ನು ಇನ್ನಷ್ಟು ಹೊತ್ತು ಮುಂದೂಡಲು ಸುಟ್ಟೆ. ಮೂಸೆ ಆರುವವರೆಗೆ ಕಿಟಕಿಯಿಂದ ನೋಡಿದರೆ ಅವರು ಕಾವಲುಗಾರ ಕೊಟ್ಟ ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದರು. ತೂಗಿದೆ. ಬೂಬಮ್ಮನ ನೂಲಿಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

ಹೊರಗೆ ಬಂದು ಹೇಳಿದೆ. ಪಾಸಾಗಿದೆ, ಆದರೆ ಬೇಡ. ಆಗಲೂ ಪಾಸಾಗಿತ್ತು. ಹೊರದೇಶದಿಂದ ತರಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದರು, ನಾನು ಸಹಿ ಹಾಕಿದೆ, ನಿಮಗೆ ಸುಳ್ಳು ಹೇಳಿದೆ. ಗುಟ್ಟು ಗಿಟ್ಟು ಎಲ್ಲ ಬಿಟ್ಟು, ರಾಕೆಟ್ಟು, ಪಟ್ಟಿ, ಹದಿನೇಳನೆಯ ಸಾಲು, ಎಲ್ಲವನ್ನೂ ಹೇಳಿದೆ. ಪಕ್ಕದ ಕಾರ್ಖಾನೆಯಿಂದ ಹೆಂಚು ತುಂಬಿದ ಲಾರಿ ಹೊರಟು ಧೂಳೆದ್ದಿತು. ಧೂಳು ಇಳಿಯುವವರೆಗೆ ಯಜಮಾನರು ಥಾನನ್ನು ಅಂಗಿಯ ತುದಿಯಿಂದ ಮುಚ್ಚಿ ಹಿಡಿದಿದ್ದರು.

"ರಾಕೆಟ್ಟಿಗಾ ಸಾ ಇದು?"

"ಹೌದು."

"ಹಂಗಾದ್ರೆ ಬೂಬಮ್ಮನ ನೂಲಿನಾಗೆ ಏನೂ ದೋಸ ಇರಲಿಲ್ಲ."

"ಇರಲಿಲ್ಲ."

ಅವರು ನನ್ನನ್ನು ಬೈಯುತ್ತಾರೆಂದುಕೊಂಡೆ. ತೆಲುಗಿನಲ್ಲಾದರೂ ಬೈಯಬಹುದಿತ್ತು. "ನಾನು ಬೂಬಮ್ಮನ ಬಾಗಲಿಗೆ ಹೋಗಿ, ಬೀದಿ ಜನ ಕೇಳೋ ಹಂಗೆ ಅಂದ್ಬುಟ್ಟೆ ಸಾ. ಕಣ್ಣು ಕಾಣದಿದ್ರೆ ಕಸುಬು ಬಿಡು, ನಮ್ಮ ಹೊಟ್ಟೆ ಮ್ಯಾಲೆ ಯಾಕೆ ಹೊಡೀತೀಯ ಅಂತ. ಮೂವತ್ತು ವರ್ಸದಿಂದ ನಮ್ಮನೆಗೆ ನೂಲು ಕೊಟ್ಟೋಳು." ಅಂಗಿಯ ಧೂಳು ಕೊಡವಿ, "ಅವತ್ತೇ ನೀವು ಬೇಡ ಅಂತ ಅಂದಿದ್ರೆ ನಾನು ಬೇಡ ಅಂತಲೇ ತಿಳ್ಕೊತಿದ್ದೆ. ಬೇಡ ಅನ್ನಿಸ್ಕೊಂಡು ನಮಗೆ ಅಭ್ಯಾಸ ಐತೆ," ಎಂದರು. ಥಾನನ್ನು ನನ್ನ ಕೈಗೂ ಕೊಡಲಿಲ್ಲ, ಕೆಳಗೂ ಇಡಲಿಲ್ಲ. ಹಾಗೆಯೇ ಕಂಕುಳಿಗೆ ಸೇರಿಸಿಕೊಂಡು ಸ್ಟೇಷನ್ನಿನ ಕಡೆ ನಡೆದರು.

ಭಾನುವಾರ ಮುಳಬಾಗಿಲಿಗೆ ಹೋದೆ. ಬೂಬಮ್ಮ ಹೊಸ್ತಿಲಲ್ಲಿ ಕೂತು, ಯಾವುದೋ ಮಂಡಿಯವರಿಗಾಗಿ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಗೂಡಿನ ಮೂಟೆಗಳು ಇರಲಿಲ್ಲ. ಕದಿರೂ ಕಾಣಲಿಲ್ಲ. ಒಳಗೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು.

"ಆವೋ ಬೇಟಾ, ಕೂತ್ಕೋ. ಕೈ ಅಂಟು, ಮುಟ್ಟಬೇಡ."

ಕೂತು, ಬಸ್ಸಿನಲ್ಲಿ ಏನನ್ನೂ ಜೋಡಿಸಿಕೊಳ್ಳದೆ ಬಂದಿದ್ದವನು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ನೂಲಿನಲ್ಲಿ ದೋಷವಿರಲಿಲ್ಲ. ಹೊರದೇಶದ ಬಟ್ಟೆಗಿಂತ ನಿಮ್ಮದೇ ಚೆನ್ನಾಗಿತ್ತು. ತಪ್ಪು ನನ್ನದು. ಬೂಬಮ್ಮ ಕಲ್ಲಿನ ಗುಂಡು ಕೆಳಗಿಟ್ಟು ಕೇಳಿದರು. ಮುಗಿದ ಮೇಲೆ ಒಳಗೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಇಲ್ಲ ಬೇಟಾ. ದೋಷ ಇತ್ತು. ನನಗೆ ಗೊತ್ತಾಯ್ತು. ಅವಾಗ ನಾಲ್ಕು ದಿನ ನನಗೆ ಜ್ವರ. ಕೆಲಸ ನಿಲ್ಲಬಾರದು ಅಂತ ಈ ಸೊಸೆ ಕೈಲಿ ನಾಲ್ಕು ಲಡಿ ನೂಲಿಸ್ದೆ. ಯಾರಿಗೂ ಹೇಳಲಿಲ್ಲ. ನನ್ನ ಕೈದೇ ಅಂತ ಕೊಟ್ಟುಬಿಟ್ಟೆ. ಅಣ್ಣ ಬಂದು ಬೈದಾಗ ಗೊತ್ತಾಯ್ತು, ಅದೇ ನಾಲ್ಕು ಲಡಿ ಅಂತ."

"ಅಲ್ಲ ಬೂಬಮ್ಮ. ಆ ಲಡಿಗಳೂ ಪಾಸಾಗಿದ್ವು. ಎಲ್ಲವೂ ಪಾಸಾಗಿದ್ವು. ನಾನೇ ಸುಟ್ಟು ತೂಗಿದ್ದೀನಿ."

"ಅವತ್ತಿಂದ ಇವಳ ಕೈಗೆ ಕದಿರು ಕೊಟ್ಟಿಲ್ಲ ನಾನು. ಮಾರಿಬಿಟ್ಟೆ. ಇವಳು ಅಳ್ತಾಳೆ, ನನ್ನ ಕೈ ಕೆಟ್ಟದ್ದು ಅಂತ."

"ಕೆಟ್ಟದ್ದಲ್ಲ, ಅವರ ಕೈಯೂ ಕೆಟ್ಟದ್ದಲ್ಲ. ಕುರಾನ್ ಮುಟ್ಟಿ ಹೇಳು ಅಂದ್ರೂ ಹೇಳ್ತೀನಿ."

ಬೂಬಮ್ಮ ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಅಂಟಿದ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು.

"ಈ ಬುಡ್ಡಿ ಮುದುಕಿ ಮನಸ್ಸು ನೋಯಬಾರದು ಅಂತ ಅಲ್ಲಿಂದ ಇಲ್ಲೀತನಕ ಸುಳ್ಳು ಹೇಳೋಕೆ ಬಂದ್ಯಾ? ನೀನು ಒಳ್ಳೆಯವನು ಬೇಟಾ," ಎಂದರು. ಸೊಸೆಯನ್ನು ಕೂಗಿ, ನನಗೆ ಚಹಾ ಮಾಡಲು ಹೇಳಿದರು.